ಚಾವಟಿ ಬಾಲದ ಮೀನು: ಬಾವಿ ನೀರು ಒಗ್ಗುತ್ತದೆ, ಮೈಲುತುತ್ತ ಕೊಲ್ಲುತ್ತದೆ

ಶೆಟ್ಟಿಕೊಪ್ಪ: ಬಯಲುಸೀಮೆಯ ಗಡಸು ನೀರಿನಲ್ಲಿ ಅಲಂಕಾರಿಕ ಮೀನು ಸಾಕುವವರು ಪಡುವ ಪಾಡು ಮಲೆನಾಡಿನವರಿಗಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮಳೆಯು ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುವುದರಿಂದ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದುವಾಗಿರುತ್ತದೆ. ದಕ್ಷಿಣ ಅಮೆರಿಕ ಮೂಲದ ವಿಪ್‌ಟೇಲ್ ಕ್ಯಾಟ್‌ಫಿಶ್‌ಗೆ, ಅಂದರೆ ಚಾವಟಿಯಂಥ ಬಾಲದ ಮೀಸೆಮೀನಿಗೆ, ಇಂತಹ ನೀರು ಚೆನ್ನಾಗಿ ಒಗ್ಗುತ್ತದೆ. ಆದರೆ ಇದೇ ಮೆದು ನೀರಿಗೆ ಅಡಕೆ ತೋಟದ ಮೈಲುತುತ್ತ ಸೇರಿದರೆ ಮೀನಿಗೆ ಉಳಿಗಾಲವಿಲ್ಲ.

ಮನೆಯಲ್ಲಿ ಮರಿ ಮಾಡಿಸಲು ತಕ್ಕುದು ರಿನೆಲೊರಿಕಾರಿಯಾ ಕುಲದ ಮೀನು. ಸಣ್ಣ ಜಾತಿಗಳು 10-12 ಸೆಂ.ಮೀ. ಬೆಳೆಯುತ್ತವೆ. ಮೈಮೇಲೆ ಹುರುಪೆಯ ಬದಲು ಎಲುಬಿನ ಫಲಕಗಳಿವೆ. ಹಗಲೆಲ್ಲ ಒಣಕಡ್ಡಿಯಂತೆ ಬಿದ್ದಿರುವುದನ್ನು ಕಂಡು ಸತ್ತಿತೆಂದು ಗಾಬರಿಯಾಗುವವರೂ ಉಂಟು! ತೊಟ್ಟಿಯ ತಳದಲ್ಲಿ ನಯವಾದ ಮರಳಿರಬೇಕು. ಉಷ್ಣಾಂಶ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು.

ಪ್ರಾಯಕ್ಕೆ ಬಂದ ಗಂಡಿನ ಕೆನ್ನೆಯಲ್ಲಿ ಬಿರುಗೂದಲು ಮೂಡುತ್ತದೆ. ಮೀನು ಮೈ ತೂರಿಸಿಕೊಳ್ಳುವಷ್ಟು ಅಗಲದ ಒಣ ಬಿದಿರಿನ ಅಂಡೆಯನ್ನೋ ಪಿ.ವಿ.ಸಿ. ಪೈಪಿನ ತುಂಡನ್ನೋ ತಳದಲ್ಲಿಟ್ಟರೆ ಗಂಡು ಅದನ್ನು ಮನೆ ಮಾಡಿಕೊಳ್ಳುತ್ತದೆ. ಹೆಣ್ಣು ಒಳಹೊಕ್ಕು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮುಂದಿನದೆಲ್ಲ ತಂದೆಯ ಹೊಣೆ. ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತ, ಮರಿಯೊಡೆಯುವ ತನಕ ಸುಮಾರು ವಾರದಿಂದ ಹತ್ತು ದಿನ ಅದು ಕಾವಲಿರುತ್ತದೆ. ಕಷ್ಟವಿರುವುದು ಆಮೇಲೆ. ಒಡಲಿನ ಹಳದಿ ಕರಗಿದ ಕೂಡಲೇ ಮರಿಗಳಿಗೆ ಎಡೆಬಿಡದೆ ಆಹಾರ ಬೇಕು. ಬೇಯಿಸಿದ ಸೊಪ್ಪು, ಸೌತೆಕಾಯಿಯ ಹೋಳು ಹಾಕಿ, ಉಳಿದುದನ್ನು ಕೊಳೆಯುವ ಮುನ್ನ ತೆಗೆದು, ದಿನವೂ ಸ್ವಲ್ಪ ನೀರು ಬದಲಿಸಬೇಕು.

ಅಪಾಯವಿರುವುದು ಹೀಗೆ ಬದಲಿಸುವ ನೀರಿನಲ್ಲಿಯೇ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತವೆಂದರೆ ತಾಮ್ರದ ಲವಣ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ತಾಮ್ರವು ಕಿವಿರುಗಳಿಗೆ ಅಂಟದಂತೆ ಅಷ್ಟಿಷ್ಟು ತಡೆಯುತ್ತದೆ. ಮೆದು ನೀರಿನಲ್ಲಿ ಆ ರಕ್ಷಣೆಯಿಲ್ಲ. ಔಷಧ ಕಲಸಿದ ಡ್ರಮ್ಮು ಎಷ್ಟು ತೊಳೆದರೂ ಮೀನಿನ ನೀರಿಗೆ ಸಲ್ಲದು. ಔಷಧ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಅದ್ದಬಾರದು. ತೋಟದ ನಡುವಿನ ಬಾವಿಯಾದರೆ ಹೊಡೆಯುವ ಮೊದಲೇ ನೀರು ತುಂಬಿಟ್ಟುಕೊಂಡು, ಬಾವಿಗೆ ಹೊದಿಕೆ ಹಾಕುವುದು ಕ್ಷೇಮ.

ಚಳಿಗಾಲದಲ್ಲಿ ಬಚ್ಚಲ ಹಂಡೆಯ ಬಿಸಿನೀರು ಬೆರೆಸುವ ಅಭ್ಯಾಸವೂ ಒಳ್ಳೆಯದಲ್ಲ. ಹಂಡೆ ತಾಮ್ರದ್ದಾಗಿದ್ದರೆ ಬಿಸಿಯಾದ ಮೆದು ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಅಕ್ವೇರಿಯಂ ಹೀಟರ್ ಕೊಳ್ಳುವುದೇ ಸರಿ. ಮೀನಿನ ಕೆಲವು ಔಷಧಗಳಲ್ಲಿಯೂ ತಾಮ್ರವಿರುತ್ತದೆ, ಚೀಟಿ ಓದಿಯೇ ಬಳಸಬೇಕು.

ಮರಿಗಳು ಹೆಚ್ಚಾದವೆಂದು ಹಳ್ಳಕ್ಕೆ ಬಿಡಬಾರದು. ಇದೇ ವಂಶದ ಸಕ್ಕರ್ ಮೀನು ತೊಟ್ಟಿಗಳಿಂದ ಹೊರಬಿದ್ದು ಕೇರಳ, ತಮಿಳುನಾಡು, ಆಂಧ್ರಪ್ರದೇಶಗಳ ಜಲಮೂಲಗಳಲ್ಲಿ ನೆಲೆಯೂರಿದೆ. ಮೀನುಗಾರರ ಬಲೆಗಳನ್ನೂ ಹಾಳುಗೆಡವುತ್ತಿದೆ. ಇಲ್ಲಿನ ಹಳ್ಳಗಳ ನೀರು ಹರಿದು ಸೇರುವುದು ತುಂಗಾ, ಭದ್ರಾ ನದಿಗಳನ್ನು. ಹೆಚ್ಚಾದ ಮರಿಗಳನ್ನು ಮೀನಿನ ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಬಹುದು.