ತಾರವೆಂಬ ಬೆಳ್ಳಿನಾಣ್ಯ

ಜಯನಗರದ ಕಡೆಯಿಂದ ಲಾಲ್‌ಬಾಗನ್ನು ಹೊಕ್ಕು ಅಲ್ಲಿನ ಹೆಬ್ಬಂಡೆಯನ್ನೇರಿದರೆ, ನೆತ್ತಿಯ ಮೇಲೆ ಕೆಂಪೇಗೌಡನ ಹೆಸರನ್ನು ಹೊತ್ತ ಸಣ್ಣ ಗೋಪುರವೊಂದು ಕಾಣುತ್ತದೆ. ಬೆಂಗಳೂರನ್ನು ಕಟ್ಟಿದ ಈ ನಾಡಪ್ರಭುವು ಭೈರವನ ಹೆಸರಿನಲ್ಲಿ ನಾಣ್ಯವನ್ನು ಅಚ್ಚು ಹಾಕಿಸಿದನೆಂದೂ, ಅದಕ್ಕಾಗಿ ವಿಜಯನಗರದ ಪ್ರಭುತ್ವವು ಅವನನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿರಿಸಿತೆಂದೂ ಹೇಳುತ್ತಾರೆ. ಕೋಟೆ ಕಟ್ಟುವಾಗ, ಕೆರೆ ತೋಡಿಸುವಾಗ ಮುನಿಯದ ಪ್ರಭುತ್ವವು ಅಂಗೈಯಲ್ಲಿ ಅಡಗುವ ಬಿಲ್ಲೆಗಾಗಿ ಅಷ್ಟು ಕೆರಳಿದ್ದೇಕೆ?

ಇದಕ್ಕೆ ಉತ್ತರ ಬೇಕಾದರೆ ಇನ್ನೂ ನೂರು ವರ್ಷ ಹಿಂದಕ್ಕೆ ಹೋಗಬೇಕು. 1443ರಲ್ಲಿ ಹೆರಾತಿನ ಅರಸನಾದ ಷಾರುಖನ ರಾಯಭಾರಿ ಅಬ್ದುರ್ ರಜಾಕನು ವಿಜಯನಗರಕ್ಕೆ ಬಂದನು. ಆಗ ಆಳುತ್ತಿದ್ದವನು ಎರಡನೆಯ ದೇವರಾಯ. ಅಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನು ಈ ಪ್ರವಾಸಿಯು ಒಂದೊಂದಾಗಿ ಬರೆದಿಟ್ಟಿದ್ದಾನೆ. ವರಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲಾದ ಪಣ. ಈ ಮೂರೂ ಚಿನ್ನದವು. ಪಣದ ಆರನೆಯ ಒಂದು ಪಾಲಿಗೆ ಅಪ್ಪಟ ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಪಾಲಿಗೆ ತಾಮ್ರದ ಜೀತಲ್. ಅವನ ಲೆಕ್ಕದಂತೆ ಒಂದು ವರಹಕ್ಕೆ 120 ತಾರಗಳಾಗುತ್ತವೆ. ಇಲ್ಲಿನ ಪಣವೇ ನಮ್ಮ ನಾಲಿಗೆಯಲ್ಲಿ ಹಣವಾಗಿ, ಈಗ ಎಲ್ಲ ಬಗೆಯ ದುಡ್ಡಿಗೂ ಹೆಸರಾಗಿದೆ.

ವರಹದ ತೂಕ ಸುಮಾರು 3.4 ಗ್ರಾಂ. ಅಷ್ಟು ಚಿನ್ನವನ್ನು ಕೊಟ್ಟು ಒಂದು ಕಟ್ಟು ಸೊಪ್ಪು ಕೊಳ್ಳುವುದು ಹೇಗೆ? ದಿನದ ಸಂತೆಗೆ ತಾರದಂತಹ ಕಿರುನಾಣ್ಯವೇ ಬೇಕು. ಅದು ಬಹಳ ಬಳಕೆಯ ನಾಣ್ಯವೆಂದು ರಜಾಕನೂ ಹೇಳುತ್ತಾನೆ. ನಮ್ಮ ನಾಡಿನಲ್ಲಿ ಚಿನ್ನದ ಗಣಿಗಳು ಇದ್ದವು. ಬೆಳ್ಳಿಯಾದರೋ ಬಹುಮಟ್ಟಿಗೆ ಹೊರಗಿನಿಂದಲೇ ಬರಬೇಕಾಗಿತ್ತು.

ತುಂಡು ಬೆಳ್ಳಿಗೂ ನಾಣ್ಯಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ತುಂಡು ಬೆಳ್ಳಿಯನ್ನು ಕೊಳ್ಳುವವನು ತೂಗಬೇಕು, ಒರೆಗೆ ಹಚ್ಚಿ ನೋಡಬೇಕು. ಟಂಕಸಾಲೆಯಲ್ಲಿ ತೂಗಿದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದರೆ ಆ ಶ್ರಮವೆಲ್ಲ ತಪ್ಪುತ್ತದೆ. ತೂಕಕ್ಕೂ ಶುದ್ಧತೆಗೂ ಅರಸನೇ ಹೊಣೆಗಾರನಾಗುತ್ತಾನೆ. ದೂರದ ಲಿಥುವೇನಿಯಾದಲ್ಲಿಯೂ ಮೊದಲು ಬೆಳ್ಳಿಯ ಗಟ್ಟಿಗಳೇ ಹಣವಾಗಿದ್ದವು. 1392ರಿಂದ 1430ರವರೆಗೆ ಆಳಿದ ವೈಟೌಟಸನ ಕಾಲದ ಪುಟ್ಟ ಬೆಳ್ಳಿನಾಣ್ಯಗಳ ಮೇಲೆ ಈಟಿಯ ಮೊನೆಯನ್ನೂ ರಾಜವಂಶದ ಕಂಬಗಳ ಲಾಂಛನವನ್ನೂ ಕಾಣುತ್ತೇವೆ. ಅವನ ಕೊನೆಯ ವರ್ಷಗಳಲ್ಲಿ ಇಲ್ಲಿ ದೇವರಾಯನು ಪಟ್ಟವೇರಿದ್ದನು. ಇಬ್ಬರೂ ಒಬ್ಬರನ್ನೊಬ್ಬರು ಬಲ್ಲವರಲ್ಲ. ಆದರೂ ಇಬ್ಬರ ಟಂಕಸಾಲೆಗಳೂ ಒಂದೇ ಕೆಲಸವನ್ನು ಮಾಡುತ್ತಿದ್ದವು.

ವಿಜಯನಗರದಲ್ಲಿ ಸೈನಿಕರ ಸಂಬಳವು ನಾಲ್ಕು ತಿಂಗಳಿಗೊಮ್ಮೆ ಟಂಕಸಾಲೆಯಿಂದಲೇ ಸಲ್ಲುತ್ತಿತ್ತೆಂದು ರಜಾಕನು ಬರೆದಿದ್ದಾನೆ. ಸಂಬಳದ ನಾಣ್ಯದ ಮೇಲೆ ಯಾರ ಹೆಸರು ಇದೆಯೋ ಸೈನಿಕನು ಅವನನ್ನೇ ಒಡೆಯನೆಂದು ತಿಳಿಯುತ್ತಾನೆ. ಹೀಗಿರಲು, ಸಾಮಂತನೊಬ್ಬನು ತಾನೇ ನಾಣ್ಯವನ್ನು ಹೊರಡಿಸಿದರೆ, ಅದು ಇನ್ನೊಬ್ಬ ಒಡೆಯನು ಹುಟ್ಟಿಕೊಂಡನೆಂಬ ಸಾರುವಿಕೆಯಂತೆಯೇ ಸರಿ. ಕೆಂಪೇಗೌಡನ ಮನಸ್ಸಿನಲ್ಲಿ ಅಂತಹ ಉದ್ದೇಶವಿತ್ತೆಂದು ನನಗೆ ತೋರುವುದಿಲ್ಲ. ತನ್ನ ಹೊಸ ಪೇಟೆಯ ವ್ಯಾಪಾರಕ್ಕೆ ಚಿಲ್ಲರೆ ಬೇಕಾಗಿದ್ದಿರಬಹುದು. ದಂಡ ತೆತ್ತ ಮೇಲೆ ಅವನಿಗೆ ಬಿಡುಗಡೆಯಾಯಿತೆನ್ನುತ್ತಾರೆ.

1565ರ ತಾಳಿಕೋಟೆಯ ಯುದ್ಧದಿಂದ ವಿಜಯನಗರದ ಬಲವು ಕುಂದಿತು. 1638ರಲ್ಲಿ ಮೈಸೂರಿನ ಪಟ್ಟವೇರಿದ ಕಂಠೀರವ ನರಸರಾಜ ಒಡೆಯನು ನರಸಿಂಹನ ರೂಪವಿರುವ ಚಿನ್ನದ ಹಣವನ್ನು ತನ್ನ ಹೆಸರಿನಲ್ಲಿಯೇ ಅಚ್ಚು ಹಾಕಿಸಿದನು. ಆಗ ಅವನನ್ನು ಸೆರೆಗೆ ಕರೆಯಬಲ್ಲವರು ಯಾರೂ ಉಳಿದಿರಲಿಲ್ಲ.