ಹೆಗಲೇರಿದ ಬೆಳಕು

ಕ್ಯಾಮೆರಾದ ಜೊತೆಗೆ ಬೆಳಕನ್ನೂ ಹೊತ್ತು ತಿರುಗುವ ಕಸುಬು ಮೆಗ್ನೀಸಿಯಂನಿಂದ ಶುರುವಾಯಿತು. 1860ರ ದಶಕದಲ್ಲಿ ಈ ಲೋಹದ ತಂತಿಯನ್ನು ಉರಿಸಿ, ಬಿಸಿಲೇ ಕಾಣದ ಗಣಿಗಳ ಒಳಗೆ ಚಿತ್ರ ತೆಗೆದರು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೋಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲಾಶ್ ಪುಡಿ ಮಾಡಿದರು. ತಟ್ಟೆಯ ಮೇಲೆ ಸುರಿದು ಕಿಡಿ ತಾಗಿಸಿದರೆ ಕಣ್ಣು ಕುಕ್ಕುವ ಬೆಳಕು, ಅದರ ಬೆನ್ನಿಗೇ ದಟ್ಟ ಬಿಳಿ ಹೊಗೆ. ಮುಚ್ಚಿದ ಕೋಣೆಯಲ್ಲಿ ಒಂದು ಪಟ ತೆಗೆದರೆ ಹೊಗೆ ಕರಗುವ ತನಕ ಎರಡನೆಯದರ ಮಾತಿಲ್ಲ. ಕೈ, ಹುಬ್ಬು ಸುಟ್ಟುಕೊಂಡವರೂ ಇದ್ದರು. 1929ರಲ್ಲಿ ಜರ್ಮನಿಯಲ್ಲೇ ಮಾರಾಟಕ್ಕೆ ಬಂದ ಫ್ಲಾಶ್ ಬಲ್ಬು ಆ ಉರಿಯನ್ನು ಗಾಜಿನೊಳಗೆ ಮುಚ್ಚಿಟ್ಟಿತು. ಹೊಗೆಯ ಕಾಟ ತಪ್ಪಿತು, ಆದರೆ ಪ್ರತಿ ಪಟಕ್ಕೂ ಹೊಸ ಬಲ್ಬು ಬೇಕಾಯಿತು.

ಇಂದಿನ ಫ್ಲಾಶಿನ ನಿಜವಾದ ಮೂಲ 1931ರದು. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಅನಿಲ ತುಂಬಿದ ಗಾಜಿನ ನಳಿಕೆಯನ್ನು ಕೆಪಾಸಿಟರಿಗೆ ಜೋಡಿಸಿದರು. ಕೆಪಾಸಿಟರ್ ವಿದ್ಯುತ್ತನ್ನು ನಿಧಾನವಾಗಿ ತುಂಬಿಕೊಂಡು, ಕೆರೆಯ ತೂಬು ಎತ್ತಿದ ಹಾಗೆ ಒಮ್ಮೆಲೇ ಹೊರಬಿಡುತ್ತದೆ. ಹೀಗೆ ಬರುವ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದಾಗಿರಬಲ್ಲದು, ಅದೇ ನಳಿಕೆ ಮತ್ತೆ ಮತ್ತೆ ಬೆಳಗುತ್ತದೆ. ಆಮೇಲೆ ಬಂದದ್ದೆಲ್ಲ ಈ ತತ್ವವನ್ನು ಚಿಕ್ಕದಾಗಿಸುವ, ಹಗುರವಾಗಿಸುವ ಕೆಲಸ.

ಮಂಡ್ಯ ಸೀಮೆಗೆ ವಿದ್ಯುತ್ತಿನ ಬೆಳಕು ಸುತ್ತು ಬಳಸಿ ಬಂತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಹುಟ್ಟಿತು. ಅದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಕಾವೇರಿಯ ಮಗ್ಗುಲಲ್ಲೇ ಇದ್ದ ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆ ದೀಪದಲ್ಲೇ ಮದುವೆ ಮಾಡಿದವು. ಹಾಗಾಗಿ ಪಟ ಹಿಡಿಸಿಕೊಳ್ಳಬೇಕಾದವರು ಬೆಳಕಿದ್ದಲ್ಲಿಗೆ ಹೋಗಬೇಕಿತ್ತು. ಗಂಡು ಹೆಣ್ಣು ಮದುವೆಯ ಸೀರೆ ಪಂಚೆಯಲ್ಲೇ ಪೇಟೆಯ ಸ್ಟುಡಿಯೊಗೆ ಬಂದು, ಬಣ್ಣದ ಪರದೆಯ ಮುಂದೆ ದೊಡ್ಡ ಬಲ್ಬುಗಳ ಕಾವಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅಂದಿನ ಎಷ್ಟೋ ಪಟಗಳಲ್ಲಿ ಧಾರೆಯಿಲ್ಲ, ಚಪ್ಪರವಿಲ್ಲ, ನೆಂಟರಿಲ್ಲ. ಬೆಳಕು ಸ್ಟುಡಿಯೊ ಬಿಟ್ಟು ಕದಲದೆ ಹೋದದ್ದರಿಂದ ಆದ ನಷ್ಟವಿದು.

ನಾಲ್ಕು ಸೆಲ್ಲಿನ ಎಲೆಕ್ಟ್ರಾನಿಕ್ ಫ್ಲಾಶು ಕ್ಯಾಮೆರಾದ ನೆತ್ತಿಗೆ ಬಂದ ಮೇಲೆ ಫೋಟೋಗ್ರಾಫರೇ ಮದುವೆ ಮನೆಗೆ ಬಂದರು. ವಸ್ತುವಿನಿಂದ ಮರಳಿದ ಬೆಳಕನ್ನು ಅಳೆದು ತಾನೇ ಆರುವ ಫ್ಲಾಶುಗಳು ಅಷ್ಟರಲ್ಲಿ ಬಂದಿದ್ದವು. 1975ರ ಒಲಿಂಪಸ್ ಓಎಂ-2 ಕ್ಯಾಮೆರಾ ಈ ಅಳತೆಯನ್ನು ಲೆನ್ಸಿನ ಮೂಲಕವೇ ಮಾಡಿತು. ಅನುಕೂಲವೇನೋ ಆಯಿತು, ಆದರೆ ಮುಖಕ್ಕೆ ನೇರವಾಗಿ ಬಡಿಯುವ ಬೆಳಕು ಮುಖದ ಏರಿಳಿತವನ್ನೆಲ್ಲ ಅಳಿಸಿತು. ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು, ಬಾಸಿಂಗದ ಮೇಲೆ ಬಿಳಿ ಚುಕ್ಕೆ, ಕಣ್ಣಲ್ಲಿ ಕೆಂಪು. ಅದರ ಹಿಂದೆಯೇ ವಿಡಿಯೊ ಬಂತು, ಜೊತೆಗೆ ಸಾವಿರ ವ್ಯಾಟಿನ ಹ್ಯಾಲೊಜನ್ ದೀಪವೂ ಬಂತು. ಅದನ್ನು ಎತ್ತಿ ಹಿಡಿದ ಲೈಟ್ ಬಾಯ್, ಅವನ ಹಿಂದೆ ಜನರ ಕಾಲಿಗೆ ತೊಡರುವ ವೈರು, ಆ ವೈರು ಮುಟ್ಟಿದಷ್ಟೇ ದೂರಕ್ಕೆ ಮದುವೆಯ ಚಿತ್ರೀಕರಣ. ಕಾವಿಗೆ ಹೆಣ್ಣಿನ ಹಣೆಯ ಕುಂಕುಮ ಇಳಿಯುತ್ತಿತ್ತು. ಕರೆಂಟು ಹೋದರೆ ಜನರೇಟರ್ ಗುಡುಗುವ ತನಕ ಎಲ್ಲರೂ ಕಾಯಬೇಕಿತ್ತು. ಆ ಹುಡುಗರ ಕೈಸೋತ ದುಡಿಮೆಗೆ ಯಾವ ಆಲ್ಬಮ್ಮಿನಲ್ಲೂ ಜಾಗ ಸಿಗಲಿಲ್ಲ.

ಗೋಡೆಯ ಪ್ಲಗ್ಗಿನ ಹಂಗು ತಪ್ಪಿಸಿದ್ದು ಮೂರು ಸಂಗತಿಗಳು: ಲಿಥಿಯಂ ಬ್ಯಾಟರಿ, ಫ್ಲಾಶನ್ನು ದೂರದಿಂದಲೇ ಬೆಳಗಿಸುವ ರೇಡಿಯೊ ಟ್ರಿಗರ್, ಬಿಳಿ ಎಲ್‌ಇಡಿ. ಎಲ್‌ಇಡಿಯ ಬಿಳಿ ಬೆಳಕಿಗೆ ದಾರಿ ಮಾಡಿದ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂತು. ಸ್ಟುಡಿಯೊ ಫ್ಲಾಶಿನ ಒಳಗೇ ಬ್ಯಾಟರಿ ಕೂಡಿಸಿದ ಪ್ರೊಫೋಟೊ ಬಿ1 ಬಂದದ್ದು 2013ರಲ್ಲಿ. 2017ರ ಗೊಡಾಕ್ಸ್ ಎಡಿ200 ಒಂದು ಕೈಯಲ್ಲಿ ಹಿಡಿಯುವಷ್ಟಕ್ಕೆ 200 ವ್ಯಾಟ್-ಸೆಕೆಂಡ್ ಶಕ್ತಿ ತುಂಬಿಕೊಟ್ಟಿತು. ತಾಲ್ಲೂಕು ಮಟ್ಟದ ಫೋಟೋಗ್ರಾಫರಿಗೆ ಹೆಚ್ಚು ಉಪಕಾರ ಮಾಡಿದ್ದು ಈ ಎರಡನೆಯ ಬಗೆಯ ಉಪಕರಣವೇ.

ಇನ್ನು ಯಾವ ದೀಪ ಕೊಳ್ಳಬೇಕೆಂಬ ಆಯ್ಕೆಯ ಮಾತು. ಬೆಂಗಳೂರು–ಮೈಸೂರು ದಶಪಥದ ಎರಡು ಭಾಗಗಳು ಕೂಡುವುದು ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ: ಬೆಂಗಳೂರಿನ ಕಡೆಗೆ 56 ಕಿಲೋಮೀಟರ್, ಮೈಸೂರಿನ ಕಡೆಗೆ 61. ಅಲ್ಲಿಂದ ಹೊರಟ ಫೋಟೋಗ್ರಾಫರಿಗೆ ಒಂದು ದಿನ ಹಳ್ಳಿಯ ಚಪ್ಪರ, ಮರುದಿನ ಹೆದ್ದಾರಿ ಬದಿಯ ಕಲ್ಯಾಣ ಮಂಟಪ, ಇನ್ನೊಂದು ದಿನ ಶಿವನಸಮುದ್ರದಲ್ಲೋ ಮೇಲುಕೋಟೆಯಲ್ಲೋ ಮದುವೆಗೆ ಮುಂಚಿನ ಶೂಟಿಂಗ್. 2023ರ ಆಗಸ್ಟ್ 1ರಿಂದ ದಶಪಥದ ಮುಖ್ಯ ರಸ್ತೆಯಲ್ಲಿ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯ ಉಬ್ಬುತಗ್ಗಿನಲ್ಲೇ ಸಾಗಬೇಕು. ಆದ್ದರಿಂದ ಬೈಕಿನಲ್ಲಿ ಬೆನ್ನಿಗೆ ಹಾಕಿಕೊಂಡು ಹೋಗಲಾಗದ ದೀಪ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಮೊದಲ ದೀಪವಾಗಲಾರದು.

ಫ್ಲಾಶೋ ಎಲ್‌ಇಡಿಯೋ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. 60 ವ್ಯಾಟಿನ ಎಲ್‌ಇಡಿ ದೀಪ ಸೆಕೆಂಡಿನ 200ನೇ ಒಂದು ಭಾಗದಲ್ಲಿ ಬಳಸುವ ಶಕ್ತಿ 0.3 ವ್ಯಾಟ್-ಸೆಕೆಂಡ್. ಕ್ಯಾಮೆರಾದ ಮೇಲೆ ಕೂರುವ ಸಾಮಾನ್ಯ ಫ್ಲಾಶು ಅಷ್ಟೇ ಹೊತ್ತಿನಲ್ಲಿ 60ರಿಂದ 80 ವ್ಯಾಟ್-ಸೆಕೆಂಡ್ ಸುರಿಯುತ್ತದೆ. ವಿದ್ಯುತ್ತನ್ನು ಬೆಳಕಾಗಿಸುವುದರಲ್ಲಿ ಎಲ್‌ಇಡಿ ಜಾಣ ಹೌದು, ಆದರೂ ಈ ಅಂತರ ತುಂಬದು. ಸ್ಥಿರಚಿತ್ರವೇ ಮುಖ್ಯವಾದವರಿಗೆ ಫ್ಲಾಶು, ವಿಡಿಯೊ ಇದ್ದರೆ ಮಾತ್ರ ಎಲ್‌ಇಡಿ. ಎಲ್‌ಇಡಿ ಕೊಳ್ಳುವಾಗ ವ್ಯಾಟಿಗಿಂತ ಬಣ್ಣದ ನಿಷ್ಠೆ ನೋಡಬೇಕು: ಸಿಆರ್‌ಐ 95ಕ್ಕೆ ಕಡಿಮೆಯಿರಬಾರದು, ಕೆಂಪಿನ ಅಳತೆಯಾದ ಆರ್9 ಕೂಡ ಹೆಚ್ಚಿರಬೇಕು. ಕೆಂಪು ಸೋತ ದೀಪದಲ್ಲಿ ಕುಂಕುಮ ಕಂದುತ್ತದೆ, ನಮ್ಮ ಕಂದು ಮೈಬಣ್ಣ ಬೂದಿ ಬಳಿದಂತಾಗುತ್ತದೆ.

ಚಪ್ಪರದಲ್ಲಿ ಪುಸ್ತಕದ ಉಪಾಯ ಕೆಲಸ ಮಾಡುವುದಿಲ್ಲ. ಫ್ಲಾಶನ್ನು ಮೇಲ್ಛಾವಣಿಗೆ ಹೊಡೆದು ಬೆಳಕನ್ನು ಮೃದುವಾಗಿಸಿ ಎನ್ನುತ್ತವೆ ಕೈಪಿಡಿಗಳು. ತೆಂಗಿನ ಗರಿ ಬೆಳಕನ್ನು ನುಂಗುತ್ತದೆ, ಬಣ್ಣದ ಶಾಮಿಯಾನ ತನ್ನ ಬಣ್ಣವನ್ನೇ ಮುಖಕ್ಕೆ ಬಳಿಯುತ್ತದೆ. ಮಂಟಪದ ಸೂರು ಬಿಳಿಯಿದ್ದರೂ ಬಹಳ ಎತ್ತರ, ಮತ್ತು ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಸ್ಟ್ಯಾಂಡಿನ ಮೇಲೆ ಬಿಳಿ ಛತ್ರಿಯೊಂದಿಗೆ ನಿಂತ, ಟ್ರಿಗರಿನಿಂದ ಉರಿಯುವ ಒಂದು ಫ್ಲಾಶು ಇಲ್ಲಿ ಅತ್ಯಂತ ಉಪಯುಕ್ತ. ಆರತಕ್ಷತೆಯ ವೇದಿಕೆಯಲ್ಲಿ ಹತ್ತಿಪ್ಪತ್ತು ಜನ ಸಾಲಾಗಿ ನಿಲ್ಲುತ್ತಾರೆ. ದೀಪವನ್ನು ಅವರ ಹತ್ತಿರ ತಂದರೆ ತುದಿಯವನಿಗೆ ಬೆಳಕು ಹೆಚ್ಚು, ಆಚೆಯವನಿಗೆ ಕಡಿಮೆ. ಹಿಂದೆ ಸರಿಸಿ ಎತ್ತರಿಸಿದರೆ ಸಮವಾಗುತ್ತದೆ, ಅದಕ್ಕೇ 200 ವ್ಯಾಟ್-ಸೆಕೆಂಡಿನ ಶಕ್ತಿ ಬೇಕು.

ನಡುಹಗಲಿನ ಬಯಲಿನಲ್ಲಿ ಮತ್ತೊಂದು ಕಷ್ಟ. ಬಿಸಿಲಿಗೆ ಸಮನಾಗಿ ಬೆಳಗಲು ಛತ್ರಿಯೊಳಗಿನ ಸಣ್ಣ ಫ್ಲಾಶಿಗೆ ಶಕ್ತಿ ಸಾಲದು, 400 ವ್ಯಾಟ್-ಸೆಕೆಂಡ್ ಇದ್ದರೆ ನೆಮ್ಮದಿ. ಷಟರ್ ವೇಗ ಏರಿಸುವ ಹೈಸ್ಪೀಡ್ ಸಿಂಕ್ ಇದೆಯಾದರೂ ಅದು ಫ್ಲಾಶಿನ ಬಲವನ್ನು ಬಹಳ ತಿನ್ನುತ್ತದೆ. ಅಷ್ಟು ದುಡ್ಡಿಲ್ಲದವರು ಬಿಸಿಲನ್ನೇ ತಿರುಗಿಸಬಹುದು. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ದೊಡ್ಡ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೊದ ಒಳಕ್ಕೆ ಹಾಯಿಸಿದ್ದರು. ಮಡಚುವ ರಿಫ್ಲೆಕ್ಟರ್ ಅಥವಾ ಬಿಳಿ ಥರ್ಮಾಕೋಲ್ ಹಲಗೆ ಅದೇ ಕೆಲಸವನ್ನು ಚಿಕ್ಕದಾಗಿ ಮಾಡುತ್ತದೆ.

ಹಬ್ಬ ಜಾತ್ರೆಗಳ ವಿಷಯ ಬೇರೆ. ಪೂಜಾ ಕುಣಿತದವರು ತಲೆಯ ಮೇಲೆ ಹೊತ್ತ ‘ಪೂಜೆ’ ಎಂಬ ಚೌಕಟ್ಟಿನೊಂದಿಗೆ ಸುತ್ತುವಾಗ ಸ್ಟ್ಯಾಂಡಿಗೆ ಜಾಗವಿರುವುದಿಲ್ಲ, ಜೊತೆಗಾರನೊಬ್ಬ ಫ್ಲಾಶನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿಯುವುದೇ ಸರಿ. ದೀಪ, ಪಂಜುಗಳ ನಡುವೆ ಹಗಲಿನ ಬಣ್ಣದ ಫ್ಲಾಶು ಹೊಡೆದರೆ ಮುಖ ನೀಲಿಯಾಗಿ ಹೊರಗಿನದೆಂಬಂತೆ ಕಾಣುತ್ತದೆ. ಫ್ಲಾಶಿನ ಬಣ್ಣ 5500 ಕೆಲ್ವಿನ್ ಆಸುಪಾಸಿನದು, ಬೆಂಕಿಯದು ಅದರ ಅರ್ಧಕ್ಕೂ ಕಡಿಮೆ. ಫ್ಲಾಶಿನ ಬಾಯಿಗೆ ಕೇಸರಿ ಜಿಲಾಟಿನ್ ಹಾಳೆ ಅಂಟಿಸಿದರೆ ಎರಡೂ ಹೊಂದುತ್ತವೆ. ಕೊಂಡ ಹಾಯುವವರ ಮುಖಕ್ಕೆ ಮಾತ್ರ ಫ್ಲಾಶು ಹೊಡೆಯಲೇಬಾರದು. ಕತ್ತಲಲ್ಲಿ ಕೆಂಡದ ಮೇಲೆ ಹೆಜ್ಜೆ ಇಡುವವರ ಕಣ್ಣು ಕೋರೈಸುವ ಹಕ್ಕು ಯಾವ ಪಟಕ್ಕೂ ಇಲ್ಲ. ಅಲ್ಲಿ ಐಎಸ್‌ಒ 6400ಕ್ಕೆ ಏರಿಸಿ, ಕೆಂಡದ ಬೆಳಕಿನಲ್ಲೇ ತೆಗೆಯಬೇಕು.

ಹೊಸದಾಗಿ ಕೊಳ್ಳುವವರು ಒಂದು 200 ವ್ಯಾಟ್-ಸೆಕೆಂಡ್ ಫ್ಲಾಶು, ಟ್ರಿಗರ್, ಗಟ್ಟಿ ಸ್ಟ್ಯಾಂಡು, ಮೀಟರಗಲದ ಬಿಳಿ ಛತ್ರಿ ಇಷ್ಟರಿಂದ ಶುರುಮಾಡಲಿ. ಎರಡನೇ ಫ್ಲಾಶಿಗಿಂತ ಮೊದಲು ಎರಡನೇ ಬ್ಯಾಟರಿ ಕೊಳ್ಳಲಿ. ಸ್ಟ್ಯಾಂಡಿನ ಬುಡಕ್ಕೆ ಮರಳು ಚೀಲ ಕಟ್ಟುವುದನ್ನು ಯಾವ ಮದುವೆಯಲ್ಲೂ ಮರೆಯದಿರಲಿ, ಚಪ್ಪರದ ತುಂಬ ಮಕ್ಕಳು ಓಡಾಡುತ್ತಿರುತ್ತಾರೆ.