ಗೀಳಿಗೆ 22 ಅಂಕ ಬಂದರೆ ಏನರ್ಥ?

ಮುಂಬೈನ ವಡಾಲದ ರಾಮಮಂದಿರದ ಸುತ್ತಮುತ್ತ ಮಡಿ ಇನ್ನೂ ದಿನಬಳಕೆಯ ಮಾತು. ಸ್ನಾನವಾಗದೆ ಒಲೆ ಮುಟ್ಟದ ಅಜ್ಜಿಯ ಪರವಾಗಿ ಮೊಬೈಲಿನಲ್ಲೊಂದು ಪ್ರಶ್ನಾವಳಿ ತುಂಬಿ, 'ಅಜ್ಜಿಗೆ ಓಸಿಡಿ', ಅಂದರೆ ಗೀಳು ಕಾಯಿಲೆ, ಎಂದು ಮೊಮ್ಮಕ್ಕಳು ತೀರ್ಮಾನಿಸಿಬಿಡಬಹುದು. ಆ ತೀರ್ಮಾನ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಅಂಕ ಬಂತೆಂದರೆ ಕಾಯಿಲೆ ಪತ್ತೆಯಾಯಿತು.

ಸತ್ಯ: ವೈದ್ಯರು ಹೆಚ್ಚಾಗಿ ಬಳಸುವುದು 1989ರಲ್ಲಿ ಪ್ರಕಟವಾದ ಯೇಲ್–ಬ್ರೌನ್ ಮಾಪಕವನ್ನು. ಕಾಯಿಲೆ ಇದೆಯೇ ಎಂದು ಅದು ಹೇಳುವುದಿಲ್ಲ, ಇರುವ ಕಾಯಿಲೆಯ ತೀವ್ರತೆ ಅಳೆಯುತ್ತದೆ. ಹತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 4, ಒಟ್ಟು 40. 16ರಿಂದ 23 ಮಧ್ಯಮ, 24 ಮುಟ್ಟಿದರೆ ತೀವ್ರ. ಏನು ತೊಳೆಯುತ್ತೀರಿ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಎಷ್ಟು ಹೊತ್ತು ಹೋಯಿತು, ಕೆಲಸ ಎಷ್ಟು ಕೆಟ್ಟಿತು, ಎಷ್ಟು ಸಂಕಟವಾಯಿತು, ತಡೆಯಲು ನೋಡಿದಿರಾ, ಹಿಡಿತ ಸಿಕ್ಕಿತೇ ಎಂಬುದಕ್ಕೆ ಅಂಕ. ಮಡಿಯುಟ್ಟ ಅಜ್ಜಿ ಒಮ್ಮೆ ಮಿಂದು ನೆಮ್ಮದಿಯಾಗಿ ಅಡುಗೆಗೆ ಕೂರುತ್ತಾರೆ. ಗೀಳು ಹಿಡಿದವರಿಗೆ ಮೂರನೇ ಸಲ ಮಿಂದರೂ ಮನಸ್ಸು 'ಸಾಕು' ಅನ್ನುವುದಿಲ್ಲ.

ತಪ್ಪು ಕಲ್ಪನೆ: ವಿಶ್ವಾಸಾರ್ಹ ಮಾಪಕ ಎಂದರೆ ನಿಜವನ್ನೇ ಹೇಳುವ ಮಾಪಕ.

ಸತ್ಯ: ಐವತ್ತು ಗ್ರಾಂ ಹೆಚ್ಚು ತೋರಿಸುವ ತಕ್ಕಡಿ ಪ್ರತಿ ಸಲವೂ ಅಷ್ಟೇ ಹೆಚ್ಚು ತೋರಿಸಿದರೆ ಅದೂ ವಿಶ್ವಾಸಾರ್ಹವೇ. ಅಳೆಯಬೇಕಾದ್ದನ್ನೇ ಅಳೆಯುತ್ತಿದೆಯೇ ಎಂಬುದು ಬೇರೆ ಪರೀಕ್ಷೆ. ತರಬೇತಾದ ಇಬ್ಬರು ಒಬ್ಬರನ್ನೇ ಸಂದರ್ಶಿಸಿದರೆ ಅಂಕಗಳು ಹತ್ತಿರವಿರುತ್ತವೆ, ಯೇಲ್–ಬ್ರೌನ್‌ನ ಬಲ ಇದು. ಆದರೆ ಯೋಚನೆಯನ್ನು ತಡೆಯಲು ಯತ್ನಿಸಿದಿರಾ ಎಂಬ ಪ್ರಶ್ನೆ ಆ ಎರಡನೇ ಪರೀಕ್ಷೆಯಲ್ಲಿ ಸೋತಿತು. 2010ರ ಪರಿಷ್ಕೃತ ಆವೃತ್ತಿ ಅದನ್ನು ಕೈಬಿಟ್ಟು, ಒಟ್ಟು ಅಂಕವನ್ನು 50ಕ್ಕೆ ಏರಿಸಿತು. ಹಾಗಾಗಿ ನಿಮ್ಮ 22 ಯಾವುದರಲ್ಲಿ ಬಂದದ್ದೆಂದು ಕೇಳಲೇಬೇಕು.

ತಪ್ಪು ಕಲ್ಪನೆ: ಯಾವ ಭಾಷೆಯಲ್ಲಿ, ಯಾರು ತುಂಬಿದರೂ ಒಂದೇ.

ಸತ್ಯ: ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ. ಸ್ವತಃ ತುಂಬುವ 18 ಪ್ರಶ್ನೆಗಳ ಪಟ್ಟಿಯೂ ಇದೆ, 2002ರದು. ಅದರಲ್ಲಿ 21 ಮುಟ್ಟಿದರೆ ವೈದ್ಯರನ್ನು ಕಾಣಿ ಎಂದಷ್ಟೇ ಅರ್ಥ. ದೇವರ ಮುಂದೆ ಕೆಟ್ಟ ಯೋಚನೆ ಬರುತ್ತದೆ ಎಂದು ಕಾಗದದ ಮೇಲೆ ಗುರುತು ಹಾಕಲು ಎಷ್ಟೋ ಜನರಿಗೆ ಕೈಯೇ ಬಾರದು, ಮೆತ್ತಗೆ ಕೇಳುವವರಿದ್ದರೆ ಬಾಯಿ ಬಿಟ್ಟಾರು. ಭಾಷೆಯ ತೊಡಕು ಇನ್ನೂ ದೊಡ್ಡದು. ವಡಾಲದ ಎನ್‌ಕೆಇಎಸ್ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರು ಸಂಕಟವನ್ನು ಕನ್ನಡದಲ್ಲಿ ಪಡುತ್ತಾರೆ, ಆಸ್ಪತ್ರೆಯಲ್ಲಿ ಹಿಂದಿಯಲ್ಲಿ ಹೇಳುತ್ತಾರೆ. ಕನ್ನಡಕ್ಕೆ ತಂದರೂ ಎಚ್ಚರ ಬೇಕು. ಕ್ರಿಕೆಟ್ಟಿನ ಗೀಳು, ಸಿನಿಮಾದ ಗೀಳು ಅನ್ನುವ ನಮ್ಮಲ್ಲಿ 'ನಿಮಗೆ ಗೀಳು ಇದೆಯೇ' ಎಂದರೆ ನಗುತ್ತಾ ಹೌದೆಂದಾರು. 'ಬೇಡವೆಂದರೂ ಮತ್ತೆ ಮತ್ತೆ ನುಗ್ಗಿ ಬರುವ ಯೋಚನೆ' ಎಂದು ಬಿಡಿಸಿ ಕೇಳಬೇಕು. ಅನುವಾದವನ್ನು ಬೇರೊಬ್ಬರು ಮೂಲಭಾಷೆಗೆ ತಿರುಗಿಸಿ ಹೋಲಿಸುವುದು ಇದಕ್ಕಾಗಿಯೇ.

ಅಂಕದ ನಿಜವಾದ ಉಪಯೋಗ ಚಿಕಿತ್ಸೆ ಶುರುವಾದ ಮೇಲೆ. 28 ಇದ್ದದ್ದು 18ಕ್ಕೆ ಇಳಿದರೆ ಶೇ. 35ಕ್ಕಿಂತ ಹೆಚ್ಚು ಇಳಿಕೆ, ಅದನ್ನು ವೈದ್ಯರು ಒಳ್ಳೆಯ ಪ್ರತಿಕ್ರಿಯೆ ಎನ್ನುತ್ತಾರೆ. ಹಳೆಯ ಅಂಕದ ಹಾಳೆ ಜೋಪಾನವಾಗಿಡಿ, ಮುಂದಿನ ಭೇಟಿಗೆ ಒಯ್ಯಿರಿ. ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೇ ಕೇಳಿ.